ಸಂದೇಶವಿಧಿಯ ಸೂತ್ರಕ್ಕೆ ವಾರ್ತಿಕ

ಶಾಸ್ತ್ರಗ್ರಂಥವನ್ನು ಬೆಳೆಯಿಸುವ ಬಗೆ ಯಾವುದೆಂಬ ಪ್ರಶ್ನೆ ವೈಯಾಕರಣರಿಗೆ ಹೊಸದಲ್ಲ. ಪಾಣಿನಿಯ ಸೂತ್ರಗಳಿಗೆ ಕಾತ್ಯಾಯನನು ವಾರ್ತಿಕಗಳನ್ನು ರಚಿಸಿದಾಗ, ಹೇಳಿದುದನ್ನು ಶೋಧಿಸಿದನು, ಹೇಳದುದನ್ನು ಕೂಡಿಸಿದನು. ಮೂಲಪಾಠವು ಮಾತ್ರ ಹಾಗೆಯೇ ಉಳಿಯಿತು. ಗಣಕಯಂತ್ರಗಳ ಲೋಕದಲ್ಲಿಯೂ ಇಂತಹುದೇ ಒಂದು ಗ್ರಂಥವುಂಟು. ಅದರ ವಿಸ್ತರಣಕ್ರಮವು ವಿದ್ವಾಂಸರ ಪರಿಶೀಲನೆಗೆ ಯೋಗ್ಯವೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆದಿದ್ದೇನೆ.

ಮಹತ್ತಾದ ಒಂದು ಗಣಿತವನ್ನು ಸಾವಿರಾರು ಗಣಕಗಳು ಹಂಚಿಕೊಂಡು ಏಕಕಾಲದಲ್ಲಿ ಮಾಡುವಾಗ, ಅವು ಪರಸ್ಪರ ಸಂದೇಶಗಳನ್ನು ಕಳುಹಿಸಬೇಕಾಗುವುದು. ಹಿಂದೆ ಯಂತ್ರಕ್ಕೊಂದು ಪರಿಭಾಷೆಯಿದ್ದು, ಒಂದಕ್ಕೆ ಬರೆದ ಪ್ರೋಗ್ರಾಮು ಇನ್ನೊಂದಕ್ಕೆ ಸಲ್ಲುತ್ತಿರಲಿಲ್ಲ. ಅಮೆರಿಕ ಮತ್ತು ಯೂರೋಪುಗಳ ವಿದ್ವಾಂಸರೂ ಯಂತ್ರನಿರ್ಮಾಪಕರೂ 1992ರಿಂದ ಸಮಾಲೋಚಿಸಿ, 1994ರಲ್ಲಿ ‘ಮೆಸೇಜ್ ಪಾಸಿಂಗ್ ಇಂಟರ್‌ಫೇಸ್’ ಎಂಬ ವಿಧಿಗ್ರಂಥವನ್ನು ಹೊರಡಿಸಿದರು. 1997, 2012, 2021, 2025 — ಈ ವರ್ಷಗಳಲ್ಲಿ ಅದರ ಮುಖ್ಯ ಆವೃತ್ತಿಗಳು ಬೆಳೆದು ಬಂದಿವೆ.

ಸಂದೇಶದಲ್ಲಿರುವ ಅಂಶಗಳ ಎಣಿಕೆಯನ್ನು ಸಿ ಭಾಷೆಯ ‘ಇಂಟ್’ ಎಂಬ ಪೂರ್ಣಾಂಕದಿಂದ ಹೇಳಬೇಕೆಂಬುದು ಮೂಲದ ವಿಧಿ. ಬಳಕೆಯ ಯಂತ್ರಗಳಲ್ಲಿ ಅದು 32 ಬಿಟ್ಟುಗಳದಾಗಿ, 2147483647ನ್ನು ದಾಟಲಾರದು. ಅಂದು ಸಮುದ್ರವೆನಿಸಿದ್ದಿರಬಹುದಾದ ಈ ಸಂಖ್ಯೆ ಇಂದು ಕೊಡದ ನೀರಾಗಿದೆ. ಬಳಸುವವರು ಹಲವು ಅಂಶಗಳನ್ನು ಒಂದೇ ಕಟ್ಟಾಗಿ ಕಟ್ಟಿ, ಎಣಿಕೆಯನ್ನು ತಗ್ಗಿಸಿಕೊಂಡು ಕಾಲ ನೂಕಿದರು. ಮೂಲದ ಅರ್ಥವನ್ನೇ ತಿದ್ದಿದ್ದರೆ ಹಳೆಯ ಪ್ರೋಗ್ರಾಮುಗಳು ಕೆಡುತ್ತಿದ್ದುವು. ಆದಕಾರಣ 2021ರ ನಾಲ್ಕನೆಯ ಆವೃತ್ತಿಯಲ್ಲಿ, ಸಿ ಭಾಷೆಯ ಹೆಸರುಗಳ ಕೊನೆಗೆ ಅಡಿಗೆರೆಯೊಡನೆ ‘ಸಿ’ ಎಂಬ ಅಕ್ಷರವನ್ನು ಪ್ರತ್ಯಯದಂತೆ ಹಚ್ಚಿ, ದೊಡ್ಡ ಎಣಿಕೆಗೆ ಬೇರೆ ರೂಪಗಳನ್ನು ಸಾಧಿಸಿದರು. ಪ್ರಕೃತಿಗೆ ವಿಕಾರವಿಲ್ಲ. ಅರ್ಧಮಾತ್ರೆಯ ಲಾಘವಕ್ಕೆ ಹಿಗ್ಗುವ ನಮ್ಮವರು ಇದನ್ನು ಗೌರವದೋಷವೆಂದಾರು. ನನಗಾದರೋ ಈ ಗೌರವವು ಹಿರಿಯರಿಗೆ ಸಲ್ಲಿಸಿದ ಗೌರವವಾಗಿಯೇ ಕಾಣುವುದು.

ಕೂಡಿಸಿದುದೆಲ್ಲ ನಿಲ್ಲಲಿಲ್ಲ. ಎರಡನೆಯ ಆವೃತ್ತಿಯು ಸಿ ಪ್ಲಸ್ ಪ್ಲಸ್ ಭಾಷೆಗೆಂದು ಪ್ರತ್ಯೇಕ ರೂಪಗಳನ್ನು ವಿಧಿಸಿತು. 2009ರಲ್ಲಿ ಅವು ತ್ಯಾಜ್ಯವೆನಿಸಿ, 2012ರಲ್ಲಿ ಲೋಪವಾದುವು. ಆತುರದ ಆಗಮವೊಂದನ್ನು ಹಿಂತೆಗೆಯಲು ಹದಿನೈದು ವರ್ಷ ಹಿಡಿಯಿತು.

ಇನ್ನೊಂದು ನ್ಯೂನತೆಯಿದ್ದಿತು. ಗ್ರಂಥವು ಹೆಸರನ್ನೂ ಅರ್ಥವನ್ನೂ ವಿಧಿಸಿತೇ ಹೊರತು ಒಳಗಿನ ಆಕಾರವನ್ನು ವಿಧಿಸಲಿಲ್ಲ. ಗಣಕಸಮೂಹವನ್ನು ಸೂಚಿಸುವ ಸಂಜ್ಞೆಯು ‘ಎಂಪಿಚ್’ ಸಂಪ್ರದಾಯದಲ್ಲಿ ಪೂರ್ಣಾಂಕ, ‘ಓಪನ್ ಎಂಪಿಐ’ ಸಂಪ್ರದಾಯದಲ್ಲಿ ಸ್ಮೃತಿಸ್ಥಾನದ ವಿಳಾಸ. ಒಂದೇ ಸಂಹಿತೆಗೆ ಎರಡು ಶಾಖೆಗಳು. ಒಂದರಲ್ಲಿ ಸಿದ್ಧಪಡಿಸಿದ ಪ್ರೋಗ್ರಾಮು ಇನ್ನೊಂದರಲ್ಲಿ ನಡೆಯದು. 2025ರ ಐದನೆಯ ಆವೃತ್ತಿಯು ಈ ಆಕಾರವನ್ನೂ ನಿಯಮಿಸಿತು. ಮೊದಲೇ ಆಗಬೇಕಾಗಿದ್ದ ಕೆಲಸ.

ಆದರೆ ಅನುಕ್ತವಾದ ವಿಷಯಗಳಲ್ಲಿ ದೊಡ್ಡದು ಇನ್ನೂ ಉಳಿದಿದೆ. ಸಾವಿರ ಮಂದಿಯ ಪೈಕಿ ಒಬ್ಬನು ಕುಸಿದರೆ ಮಿಕ್ಕವರು ಕೆಲಸವನ್ನು ಮುಂದುವರಿಸುವುದೆಂತು? ಬೇರೆ ಏರ್ಪಾಟಿಲ್ಲದಿದ್ದರೆ ಸಾಮಾನ್ಯವಾಗಿ ಇಡೀ ಕಾರ್ಯವೇ ನಿಲ್ಲುವುದು. ಸಮೂಹದ ಬಿರುಕನ್ನು ಸರಿಪಡಿಸಿಕೊಳ್ಳುವ ವಿಧಾನವೊಂದು ಬಹುಕಾಲದಿಂದ ಚರ್ಚೆಯಲ್ಲಿದ್ದು, ಓಪನ್ ಎಂಪಿಐ ಶಾಖೆಯಲ್ಲಿ ಪ್ರಯೋಗಕ್ಕೂ ಬಂದಿದೆ. ಐದನೆಯ ಆವೃತ್ತಿಯಲ್ಲಿ ಮಾತ್ರ ಅದಕ್ಕೆ ಸ್ಥಳ ದೊರೆಯಲಿಲ್ಲ. ಎಣಿಕೆಗೆ ಪ್ರತ್ಯಯ ಕಂಡ ಸಭೆಯು ಮರಣಕ್ಕೆ ವಿಧಿ ಕಾಣದಿರುವುದು ವಾರ್ತಿಕಕಾರನು ಮೊದಲು ಎತ್ತಬೇಕಾದ ಆಕ್ಷೇಪ.