ಕಿಲುಬು ಬಿಡಿಸುವ ಕೈ
ಮುಂಬೈನ ಫೋರ್ಟಿನ ಗಾಳಿಯಲ್ಲಿ ಉಪ್ಪಿದೆ. ಅಲ್ಲಿ ದಶಕಗಟ್ಟಲೆ ಓಡಿದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ವೈರುಗಳಿಗೆ ಕಿಲುಬು ಹತ್ತದೆ ಇರುತ್ತಿರಲಿಲ್ಲ. ಹೆಡ್‌ಲೈಟ್ ಮಂಕಾದರೆ ಪಳಗಿದ ಎಲೆಕ್ಟ್ರಿಷಿಯನ್ ಬಲ್ಬನ್ನು ದೂರುವುದಿಲ್ಲ, ಮೊದಲು ಅರ್ಥಿಂಗ್ ನೋಡುತ್ತಾನೆ. 5 ಆಂಪಿಯರ್ ಹರಿಯುವ ದಾರಿಯಲ್ಲಿ ಬರೀ 0.2 ಓಮ್ ತಡೆ ಸೇರಿದರೂ ಬ್ಯಾಟರಿಯ 12 ವೋಲ್ಟಿನಲ್ಲಿ ಒಂದು ಅಲ್ಲೇ ಸೋರಿಹೋಗುತ್ತದೆ. ಬೋಲ್ಟ್ ಬಿಚ್ಚಿ, ಬಣ್ಣ, ತುಕ್ಕು ಎರಡನ್ನೂ ಕೆರೆದು ಲೋಹವನ್ನು ಹೊಳೆಯಿಸುತ್ತಾನೆ. ವೈರಿನ ತುದಿ ಕಪ್ಪಾಗಿದ್ದರೆ ಕೆಂಪು ತಾಮ್ರ ಕಾಣುವವರೆಗೂ ಹಿಂದಕ್ಕೆ ಕತ್ತರಿಸಿ, ಹೊಸ ಲಗ್ ಒತ್ತಿ, ಗ್ರೀಸ್ ಸವರುತ್ತಾನೆ. ಟೇಪ್ ಸುತ್ತಿ ಮುಚ್ಚಿಬಿಡಬಹುದು, ಆದರೆ ಒಳಗೆ ಕಿಲುಬು ಬೆಳೆಯುತ್ತಲೇ ಇರುತ್ತದೆ. ಹಾಗೆ ಮುಚ್ಚದವನ ತಾಳ್ಮೆಗೆ ನನ್ನ ಅಪಾರ ಗೌರವ. ಮುಂಬೈನಲ್ಲಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿಯಿರುವುದರಿಂದ 2003ರಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ನಿವೃತ್ತಿಯಾಯಿತು. ಸ್ವಂತಕ್ಕೆಂದು ಉಳಿಸಿಕೊಂಡಿರುವ ಪದ್ಮಿನಿಗಳಿಗೆ ಈ ಕೈಗಳು ಇನ್ನೂ ಬೇಕು.