ಬನ್ನಿನ ರುಚಿ, ಚೀಲದ ಮೇಲಿನ ಹೆಸರು

ಮುಂಬಯಿಯ ಬಲ್ಲಾರ್ಡ್ ಪಿಯರಿನಲ್ಲಿ ಹಡಗು ಏಜೆಂಟರೊಬ್ಬರ ಕಚೇರಿಯಲ್ಲಿ ನಾನು ಬಹಳ ವರ್ಷ ಗುಮಾಸ್ತನಾಗಿದ್ದೆ. ಸೈನ್ ಆಫ್ ಆಗಿ ಊರಿಗೆ ಹೊರಟ ನಾವಿಕರು ಕಾಗದಪತ್ರ ಆಗುವ ತನಕ ನಮ್ಮ ಬೆಂಚಿನ ಮೇಲೆ ಕೂತಿರುತ್ತಿದ್ದರು. ಅವರಲ್ಲಿ ಫಿಲಿಪೀನ್ಸಿನವರು ಎಷ್ಟೋ ಜನ. ಒಂದು ಮಳೆಗಾಲದ ಸಂಜೆ ಹಾಗೆ ಕೂತಿದ್ದ ಒಬ್ಬ ಅಡುಗೆಯವ, ನಾನು ತರಿಸಿಕೊಟ್ಟ ಬನ್ ಮಸ್ಕ ತಿನ್ನುತ್ತಾ ತನ್ನ ಬಾಲ್ಯ ತೆಗೆದ. ಶಾಲೆಯಲ್ಲಿ ಕೊಡುತ್ತಿದ್ದ ನ್ಯೂಟ್ರಿಬನ್. ಎಸೆದರೆ ತಲೆ ಒಡೆಯುವಷ್ಟು ಗಟ್ಟಿಯಂತೆ. ಪ್ಲಾಸ್ಟಿಕ್ ಕೊಳವೆಯಲ್ಲಿ ಕಟ್ಟಿ ಮಾರುತ್ತಿದ್ದ ಐಸ್ ಕ್ಯಾಂಡಿ. ಬಾಡಿಗೆಗೆ ತಂದು ಓದುತ್ತಿದ್ದ ಕಾಮಿಕ್ಸ್. ನೆಲದ ಮೇಲೆ ಮನೆ ಗೀಚಿ ಕುಂಟುವ ‘ಪೀಕೋ’, ಅಂದರೆ ನಮ್ಮ ಕುಂಟೆಬಿಲ್ಲೆಯೇ. ಹೇಳುತ್ತಾ ಹೇಳುತ್ತಾ ಆ ಮನುಷ್ಯನ ಮುಖ ಹತ್ತು ವರ್ಷದ ಹುಡುಗನದ್ದಾಯಿತು.

ಅಂದಿನಿಂದ 1970ರ ದಶಕದ ಫಿಲಿಪಿನೋ ಬಾಲ್ಯದ ನೆನಪುಗಳು ಎಲ್ಲಿ ಸಿಕ್ಕಿದರೂ ನಾನು ಓದದೆ ಬಿಟ್ಟವನಲ್ಲ. ಅದೊಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ಪ್ರತಿ ಬರಹವೂ ಒಂದು ಪಟ್ಟಿ: ತಿಂಡಿ, ಆಟ, ಟೀವಿ, ಕರೆಂಟು ಹೋದ ರಾತ್ರಿ. ಇದನ್ನು ಕನ್ನಡದಲ್ಲಿ ಯಾಕೆ ವಿಮರ್ಶಿಸಬೇಕು ಅಂತ ಊರಲ್ಲಿರುವ ನೀವು ಕೇಳಬಹುದು. ಹೊರನಾಡಿನಲ್ಲಿ ಕೂತು ನಾವು ಬರೆಯುವುದೂ ಹೆಚ್ಚುಕಡಿಮೆ ಇದೇ ಪಟ್ಟಿಯನ್ನೇ, ಅದಕ್ಕೆ.

ಮೊದಲು ಪಟ್ಟಿಯ ಗುಣ ಹೇಳಿಬಿಡುತ್ತೇನೆ. ಅದು ಸುಳ್ಳಾಡುವುದಿಲ್ಲ. ಐಸ್ ಕ್ಯಾಂಡಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿಯುವುದು ಹೇಗೆ ಎಂಬುದನ್ನು ಯಾವ ಇತಿಹಾಸಕಾರನೂ ಬರೆದಿಡಲಾರ. ದುಬೈನಲ್ಲೋ ಹಾಂಗ್‌ಕಾಂಗಿನಲ್ಲೋ ದುಡಿಯುವ ಇಬ್ಬರು ಅಪರಿಚಿತರು ಆ ಒಂದು ಸಾಲು ಓದಿ ನೆಂಟರಾಗಿಬಿಡುತ್ತಾರೆ. ಪರದೇಶದಲ್ಲಿ ಇದು ಸಣ್ಣ ಉಪಕಾರವಲ್ಲ.

ಆದರೆ ಪಟ್ಟಿಗೆ ‘ಯಾಕೆ’ ಎಂಬ ಪದ ಗೊತ್ತಿಲ್ಲ. ನ್ಯೂಟ್ರಿಬನ್ನನ್ನೇ ನೋಡಿ. ಫಿಲಿಪೀನ್ಸಿನ ಮಕ್ಕಳಿಗೆ ಹೊಟ್ಟೆಗೆ ಸಾಲುತ್ತಿರಲಿಲ್ಲ; ಅದಕ್ಕಾಗಿಯೇ 1970ರ ದಶಕದ ಆರಂಭದಲ್ಲಿ ಅಮೆರಿಕದ ನೆರವಿನ ಹಿಟ್ಟು, ಹಾಲಿನ ಪುಡಿಯಿಂದ ಈ ಬನ್ ಹುಟ್ಟಿದ್ದು. 1972ರ ಮಹಾಪ್ರವಾಹದಲ್ಲಿ ಪರಿಹಾರವಾಗಿ ಹಂಚಿದ ಬನ್ನಿನ ಚೀಲಗಳ ಮೇಲೆ ಮಾತ್ರ ಅಧ್ಯಕ್ಷ ಮಾರ್ಕೋಸರ ಪತ್ನಿ ಇಮೆಲ್ಡಾರ ಕೃಪೆ ಎಂಬ ಮುದ್ರೆ ಬಿತ್ತು. ಬನ್ನಿನ ರುಚಿ ನೆನಪಿಟ್ಟವರು ಎಷ್ಟೋ ಮಂದಿ. ಚೀಲದ ಮೇಲಿನ ಹೆಸರು ನೆನಪಿಟ್ಟವರು ಕಡಿಮೆ.

ಟೀವಿಯದ್ದೂ ಹಾಗೆಯೇ. ‘ವೋಲ್ಟೆಸ್ ಫೈವ್’ ಎಂಬ ಜಪಾನಿ ಕಾರ್ಟೂನು 1978ರಿಂದ ಅಲ್ಲಿ ಪ್ರಸಾರವಾಗುತ್ತಿತ್ತು. ಐವರು ಸೇರಿ ನಡೆಸುವ ಒಂದು ಮಹಾ ಯಂತ್ರಮಾನವ. ಕಥೆಯ ಕೊನೆಗೆ ದಬ್ಬಾಳಿಕೆಯ ಸಾಮ್ರಾಜ್ಯ ಉರುಳಬೇಕು. ಇನ್ನೇನು ಕೆಲವೇ ಕಂತು ಬಾಕಿ ಅನ್ನುವಾಗ, 1979ರಲ್ಲಿ, ಹಿಂಸೆ ಜಾಸ್ತಿಯಾಯಿತು ಅಂತ ಮಾರ್ಕೋಸ್ ನಿಲ್ಲಿಸಿಬಿಟ್ಟರು. ಮಾರ್ಕೋಸ್ 1986ರಲ್ಲಿ ಜನರ ಪ್ರತಿಭಟನೆಗೆ ಸೋತು ದೇಶ ಬಿಟ್ಟರು. 1999ರಲ್ಲಿ ಆ ಕೊನೆಯ ಭಾಗ ಸಿನಿಮಾ ಮಂದಿರಕ್ಕೇ ಬಂದಾಗ ಆ ಮಕ್ಕಳಿಗೆ ಮೂವತ್ತರ ಹತ್ತಿರ. ಒಂದು ಪೀಳಿಗೆಯ ಕಥೆಯ ತುದಿಯನ್ನೇ ಸರ್ವಾಧಿಕಾರಿ ಕತ್ತರಿಸಿಟ್ಟುಕೊಂಡಿದ್ದ! ಪಟ್ಟಿಗಳಲ್ಲಿ ಇದು ಬಾರದೆ ಇಲ್ಲ. ಆದರೆ ‘ಅಯ್ಯೋ, ಎಷ್ಟು ಅತ್ತಿದ್ದೆವು’ ಎಂಬಲ್ಲಿಗೆ ಮುಗಿಯುತ್ತದೆ. ಅದೇ ಆಳ್ವಿಕೆಯಲ್ಲಿ ಸುಮಾರು 70,000 ಜನ ಸೆರೆಗೆ ಹೋದರು, 3,240 ಮಂದಿ ಕೊಲೆಯಾದರು ಎಂದು ಆಮ್ನೆಸ್ಟಿ ಲೆಕ್ಕ ಕೊಟ್ಟಿದೆ. ಹುಡುಗ ಟೀವಿ ಮುಂದೆ ಅಳುತ್ತಿದ್ದಾಗ ಪಕ್ಕದ ಬೀದಿಯಲ್ಲಿ ಇನ್ಯಾರೋ ಅಳುತ್ತಿದ್ದಿರಬೇಕು.

ಇಷ್ಟಕ್ಕೂ ಹುಡುಗನನ್ನು ದೂರಿ ಏನು ಪ್ರಯೋಜನ, ಅವನಿಗೆ ಕಂಡದ್ದೇ ಅಷ್ಟು. ಪ್ರಶ್ನೆ ಇರುವುದು ಐವತ್ತರ ವಯಸ್ಸಿನಲ್ಲಿ ಬರೆಯುವಾಗಲೂ ಅವನ ಎತ್ತರದಲ್ಲೇ ನಿಂತು ನೋಡುವುದರಲ್ಲಿ. ಲುವಾಲ್ಹತಿ ಬೌತಿಸ್ತಾ ಎಂಬ ಲೇಖಕಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಅವರ ‘ದೆಕಾದಾ ’70’ ಕಾದಂಬರಿ ಇದೇ ದಶಕದ್ದು. 2002ರಲ್ಲಿ ಸಿನಿಮಾ ಕೂಡ ಆಯಿತು. ಕಥೆ ಹೇಳುವವಳು ಐದು ಗಂಡುಮಕ್ಕಳ ತಾಯಿ ಅಮಾಂಡಾ. ಅಲ್ಲೂ ಮನೆ ಇದೆ, ಊಟದ ಮೇಜು ಇದೆ. ಆದರೆ ಒಬ್ಬ ಮಗ ಭೂಗತನಾಗುತ್ತಾನೆ, ಇನ್ನೊಬ್ಬ ಹೆಣವಾಗಿ ಬರುತ್ತಾನೆ. ಅದೇ ದಶಕ, ಮಗನ ಬದಲು ತಾಯಿ ಹೇಳಿದ್ದು, ಅಷ್ಟೇ ವ್ಯತ್ಯಾಸ. ನನ್ನ ಮಟ್ಟಿಗೆ ಅದು ಇಡೀ ವ್ಯತ್ಯಾಸ.

ಯಾಕೆ ಇಷ್ಟು ಜೋರಾಗಿ ಹೇಳುತ್ತಿದ್ದೇನೆಂದರೆ, ಸಿಹಿ ನೆನಪು ಸುಮ್ಮನೆ ಕೂರುವುದಿಲ್ಲ. ಆ ಕಾಲ ಸುವರ್ಣಯುಗವಾಗಿತ್ತು ಎಂಬ ಮಾತು ಫಿಲಿಪೀನ್ಸಿನಲ್ಲಿ ನಿಧಾನಕ್ಕೆ ಬೇರೂರಿತು. 2022ರಲ್ಲಿ ಮಾರ್ಕೋಸರ ಮಗನೇ ಅಧ್ಯಕ್ಷನಾಗಿ ಗೆದ್ದಾಗ ಆ ಮಾತೂ ಪ್ರಚಾರದಲ್ಲಿ ದುಡಿದಿತ್ತು. ಬನ್ನು ಗೆಲ್ಲಿಸಿತು ಅಂತ ನಾನು ಹೇಳುವುದಿಲ್ಲ. ‘ಯಾಕೆ’ ಇಲ್ಲದ ನೆನಪನ್ನು ಯಾರು ಬೇಕಾದರೂ ಬಾಡಿಗೆಗೆ ತಗೊಳ್ಳಬಹುದು, ಅಷ್ಟೇ.

ಇನ್ನು ನನ್ನ ತಪ್ಪೊಪ್ಪಿಗೆ. ಕುಂದಾಪುರದ ಕಡೆಯ ನನ್ನ ಹಳ್ಳಿಶಾಲೆಯಲ್ಲೂ ಮಧ್ಯಾಹ್ನ ಸಜ್ಜಿಗೆ ಕೊಡುತ್ತಿದ್ದರು. ಕೇರ್ ಸಂಸ್ಥೆಯ ಮೂಲಕ ಬಂದ ಅಮೆರಿಕದ ಗೋಧಿ, ಅಮೆರಿಕದ ಎಣ್ಣೆ. ಡಬ್ಬದ ಮೇಲೆ ಕೈಗೆ ಕೈ ಕೊಟ್ಟ ಚಿತ್ರ. ಫಿಲಿಪಿನೋ ಅಡುಗೆಯವನೂ ನಾನೂ ಒಂದೇ ಉಗ್ರಾಣದ ಅನ್ನ ತಿಂದವರು, ಎನ್ನಿ! ಆ ಸಜ್ಜಿಗೆಯ ಹಳದಿ ಬಣ್ಣ, ಬಾಳೆಎಲೆಯ ಬಿಸಿ ವಾಸನೆ ಎಲ್ಲ ವರ್ಣಿಸಿ ಒಂದು ಪ್ರಬಂಧ ಬರೆದು, ಇಲ್ಲಿನ ಕನ್ನಡ ಸಂಘವೊಂದರಲ್ಲಿ ಓದಿದೆ. ಚಪ್ಪಾಳೆಯೋ ಚಪ್ಪಾಳೆ. ಇಬ್ಬರು ಕಣ್ಣೊರಸಿಕೊಂಡರು. ಹೆಮ್ಮೆಯಿಂದ ಅದರ ಪ್ರತಿ ಅಕ್ಕನಿಗೆ ಕಳಿಸಿದೆ.

ಮುಂದೆ ಊರಿಗೆ ಹೋದಾಗ ಅಕ್ಕ ಅಂದಳು: “ರುಚಿ ಲಾಯ್ಕ್ ಬರ್ದಿದ್ದೆ ಮಾರಾಯ. ನಿನ್ನ ಶಾಲಿಗೆ ಎಂತಕ್ಕೆ ಕಳ್ಸಿದ್ ಅಂದೇಳಿ ಬರೀಲಿಲ್ಲ ಅಲ್ದಾ?”

ಆಮೇಲೆ ಅವಳೇ ಹೇಳಿದಳು. ಆ ವರ್ಷ ಮನೆಯಲ್ಲಿ ಮಧ್ಯಾಹ್ನ ಒಲೆ ಹೊತ್ತುತ್ತಿರಲಿಲ್ಲ. ನನಗೆ ಇನ್ನೂ ಐದು ತುಂಬಿರಲಿಲ್ಲ. ಒಂದು ಹೊತ್ತಿನ ಸಜ್ಜಿಗೆ ಸಿಗಲಿ ಅಂತ ಅಮ್ಮ ಮಾಸ್ತರರ ಹತ್ತಿರ ಕೈಮುಗಿದು, ಒಂದು ವರ್ಷ ಹೆಚ್ಚು ಬರೆಸಿ ನನ್ನನ್ನು ಸೇರಿಸಿದಳು. ಅದೇ ವರ್ಷ, ತಮ್ಮನನ್ನು ನೋಡಿಕೊಳ್ಳಲು ಆಳಿಲ್ಲದೆ, ನಾಲ್ಕನೇ ಕ್ಲಾಸಿನಲ್ಲಿದ್ದ ಅಕ್ಕನನ್ನು ಬಿಡಿಸಿದರು. ನನ್ನ ಪ್ರಬಂಧವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಲು ಅವಳಿಗೆ ಎರಡು ದಿನ ಹಿಡಿಯಿತಂತೆ.

ದಾಖಲೆಯಲ್ಲಿ ನನ್ನ ಜನ್ಮದಿನ ಒಂದು ವರ್ಷ ಹಿಂದಿರುವುದು ಮಾಸ್ತರರ ಕೈತಪ್ಪು ಅಂತಲೇ ನಾನು ಇಷ್ಟು ದಿನ ನಂಬಿದ್ದೆ. ಆ ತಪ್ಪಿನಿಂದ ಕಚೇರಿಯಲ್ಲಿ ಒಂದು ವರ್ಷ ಮೊದಲೇ ನಿವೃತ್ತನಾದೆ, ಒಂದು ವರ್ಷದ ಸಂಬಳ ಹೋಯಿತು ಅಂತ ಗೊಣಗಿದವನು ನಾನು. ಈಗ ಆ ಪ್ರಬಂಧವನ್ನು ಮತ್ತೆ ಬರೆಯಲು ಕೂತಿದ್ದೇನೆ. ಸಜ್ಜಿಗೆಯ ರುಚಿ ಹಾಗೇ ಇರಲಿ, ಅದು ನಿಜವಾಗಿಯೂ ಚೆನ್ನಾಗಿತ್ತು. ಆದರೆ ಈ ಸಲ ಶುರು ಮಾಡುವುದು ಅಕ್ಕನಿಂದ.