ಆನ್ಸೆಲ್ ಆಡಮ್ಸರ ಮೂರು ಪಾಠಗ್ರಂಥಗಳು: ಒಂದು ವಿಮರ್ಶೆ

ಕೈಕಸಬನ್ನು ಗ್ರಂಥದಿಂದ ಕಲಿಯಬಹುದೆ? ಈ ಪ್ರಶ್ನೆಗೆ ನಮ್ಮಲ್ಲಿ ಬಹುಮಂದಿ ಕೊಡುವ ಉತ್ತರ ‘ಇಲ್ಲ’ ಎಂಬುದೇ. ಈಜನ್ನು ಕೆರೆಯಲ್ಲಿಯೂ ಮದ್ದಳೆಯನ್ನು ಗುರುವಿನೆದುರಿಗೂ ಕಲಿಯತಕ್ಕದ್ದೆಂದು ಹಿರಿಯರ ಮತ. ಮತವೇನೋ ಸರಿ; ಆದರೆ ಗುರುವಿರುವ ಊರು ದೂರವಾದವನ ಗತಿಯೇನು? ಗಡಿನಾಡಿನ ಕನ್ನಡ ಶಾಲೆಯ ವಿದ್ಯಾರ್ಥಿಗೆ ಎಷ್ಟೋ ವಿದ್ಯೆಗಳಲ್ಲಿ ಪುಸ್ತಕವೇ ಮೊದಲ ಗುರು. ಕೆಲವೊಮ್ಮೆ ಕೊನೆಯ ಗುರುವೂ ಅದೇ. ಆದುದರಿಂದ ಯಾವ ಪುಸ್ತಕ ಗುರುವಾಗಬಲ್ಲುದು, ಯಾವುದು ಆಗಲಾರದು ಎಂಬ ನಿರ್ಣಯವು ನಮ್ಮ ಪಾಲಿಗೆ ಬರಿಯ ಚರ್ಚೆಯಲ್ಲ. ಕಪ್ಪು-ಬಿಳುಪು ಛಾಯಾಗ್ರಹಣ ಇದಕ್ಕೊಂದು ಒಳ್ಳೆಯ ಒರೆಗಲ್ಲು. ಈ ಕಲೆಯನ್ನು ಪುಸ್ತಕ ಪತ್ರಿಕೆಗಳನ್ನೇ ನೆಚ್ಚಿ ಕಲಿತವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಇಂತಹ ಪುಸ್ತಕಗಳಲ್ಲಿ ಅಗ್ರಸ್ಥಾನ ಪಡೆದಿರುವುವು ಅಮೆರಿಕದ ಆನ್ಸೆಲ್ ಆಡಮ್ಸರ (೧೯೦೨–೧೯೮೪) ಕೃತಿಗಳು. ಪಿಯಾನೊ ವಾದಕನಾಗಬೇಕೆಂದು ಅಭ್ಯಾಸ ಮಾಡಿದ ಈ ಮಹನೀಯರು ಬಳಿಕ ಕ್ಯಾಮೆರಾವನ್ನು ಕೈಗೆತ್ತಿಕೊಂಡರು. ೧೯೪೮ರಿಂದ ಮುಂದಕ್ಕೆ ಒಂದು ಪಾಠಮಾಲೆಯನ್ನು ಬರೆದರು. ಇಳಿವಯಸ್ಸಿನಲ್ಲಿ ಅದನ್ನೇ ಹೊಸದಾಗಿ ತಿದ್ದಿ ಬರೆದು ‘ದಿ ಕ್ಯಾಮೆರಾ’ (೧೯೮೦), ‘ದಿ ನೆಗೆಟಿವ್’ (೧೯೮೧), ‘ದಿ ಪ್ರಿಂಟ್’ (೧೯೮೩) ಎಂಬ ಮೂರು ಸಂಪುಟಗಳಾಗಿ ಹೊರತಂದರು. ಪ್ರಸ್ತುತ ವಿಮರ್ಶೆಗೆ ಈ ಮೂರೇ ಆಧಾರ.

ಗ್ರಂಥಗಳ ತಿರುಳು ‘ವಲಯ ಪದ್ಧತಿ’. ಲಾಸ್ ಏಂಜಲೀಸಿನ ಕಲಾಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ, ೧೯೪೦ರ ಸುಮಾರಿಗೆ, ಫ್ರೆಡ್ ಆರ್ಚರರೊಡನೆ ಕೂಡಿ ಆಡಮ್ಸರು ಇದನ್ನು ರೂಪಿಸಿದರು. ಶಾಲೆಯ ಪಾಠಕ್ಕಾಗಿಯೇ ಹುಟ್ಟಿದ ಪದ್ಧತಿ ಇದು ಎಂಬುದು ಶಿಕ್ಷಕರಾದ ನಾವು ಮರೆಯಬಾರದ ಸಂಗತಿ. ಅಚ್ಚಗಪ್ಪಿನಿಂದ ಅಚ್ಚಬಿಳುಪಿನವರೆಗಿನ ಛಾಯೆಗಳನ್ನು ಸೊನ್ನೆಯಿಂದ ಹತ್ತರವರೆಗೆ ಹನ್ನೊಂದು ವಲಯಗಳಾಗಿ ಇಲ್ಲಿ ವಿಂಗಡಿಸಲಾಗಿದೆ. ಒಂದು ವಲಯದಿಂದ ಮುಂದಿನ ವಲಯಕ್ಕೆ ಕ್ಯಾಮೆರಾ ಪಡೆಯುವ ಬೆಳಕು ಇಮ್ಮಡಿ. ನಟ್ಟನಡುವಣ ಐದನೆಯದು ಮಧ್ಯಮ ಬೂದು. ಅದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ೧೮ ಪಾಲನ್ನು ಹಿಂದಿರುಗಿಸುತ್ತದೆ.

ಬೆಳಕಿನ ಮಾಪಕಕ್ಕೆ ವಿವೇಕವಿಲ್ಲ. ಸುಣ್ಣ ಬಳಿದ ಗೋಡೆಯನ್ನು ತೋರಿಸಿದರೂ ಕೆಸರಿನ ಎಮ್ಮೆಯನ್ನು ತೋರಿಸಿದರೂ ಅದು ಎರಡನ್ನೂ ಮಧ್ಯಮ ಬೂದುವೆಂದೇ ತಿಳಿದು ಲೆಕ್ಕ ಕೊಡುತ್ತದೆ. ಆ ಲೆಕ್ಕವನ್ನೇ ನಂಬಿದರೆ ಗೋಡೆ ಮಾಸುತ್ತದೆ, ಎಮ್ಮೆ ನರೆಯುತ್ತದೆ. ಜಗಲಿಯ ಒಳಗಿನ ನೆರಳನ್ನು ಅಳೆದು, ಅದು ನೆರಳಾಗಿಯೇ ಕಾಣಬೇಕು, ಅದರಲ್ಲಿನ ವಿವರವೂ ಉಳಿಯಬೇಕು ಎನ್ನುವವನು ಅದನ್ನು ಮೂರನೆಯ ವಲಯಕ್ಕೆ ಇಳಿಸತಕ್ಕದ್ದು. ಎಂದರೆ, ಮಾಪಕ ಹೇಳಿದ ಬೆಳಕಿನ ಕಾಲುಭಾಗವನ್ನು ಮಾತ್ರ ಕೊಡತಕ್ಕದ್ದು. ಯಂತ್ರ ಅಳೆಯುತ್ತದೆ, ನಿರ್ಣಯಿಸುವವನು ಮನುಷ್ಯ. ಇಷ್ಟನ್ನು ತಿಳಿಸಿದ ಪುಸ್ತಕ ಅರ್ಧ ವಿದ್ಯೆಯನ್ನು ಕೊಟ್ಟಂತೆಯೇ ಸರಿ.

ಈ ಗ್ರಂಥಗಳ ಹಿರಿಮೆಯಾದರೂ ಯಾವುದು? ಅವು ತಮ್ಮನ್ನೇ ನಂಬೆಂದು ಹೇಳುವುದಿಲ್ಲ. ನಿನ್ನ ಫಿಲ್ಮಿನ ವೇಗವನ್ನು ನೀನೇ ಪರೀಕ್ಷಿಸು. ನಿನ್ನ ದ್ರಾವಣದಲ್ಲಿ ಎಷ್ಟು ನಿಮಿಷವೆಂಬುದನ್ನು ನೀನೇ ಗೊತ್ತುಮಾಡು. ಕಾಗದದ ಒಂದು ಪಟ್ಟಿಗೆ ಹಂತಹಂತವಾಗಿ ಬೆಳಕು ಕೊಟ್ಟು, ಒಣಗಿಸಿ, ಆಮೇಲೆ ನೋಡು ಎನ್ನುತ್ತವೆ. ಹಸಿಯ ಚಿತ್ರ ಒಣಗಿದಾಗ ತುಸು ಕಪ್ಪಾಗುವುದರಿಂದ, ಪರೀಕ್ಷೆಯ ಪಟ್ಟಿಯನ್ನು ಬೇಗನೆ ಒಣಗಿಸಿ ನೋಡಲು ಮುದುಕ ಆಡಮ್ಸರು ಅಡುಗೆಮನೆಯ ಮೈಕ್ರೊವೇವ್ ಒಲೆಯನ್ನು ಬಳಸಿದರಂತೆ! ಓದುಗನನ್ನು ತನ್ನ ಪುಟದಿಂದೆಬ್ಬಿಸಿ ಅವನ ಮೇಜಿನ ಬಳಿಗೆ ಕಳುಹಿಸುವ ಪುಸ್ತಕವೇ ಗುರು ಎನಿಸಿಕೊಳ್ಳಲು ಅರ್ಹ.

ಹೀಗೆ ಕಳುಹಿಸುವುದು ಅನಿವಾರ್ಯವೂ ಹೌದು. ಅಚ್ಚಿನ ಪುಟದಲ್ಲಿ ಕಾಣುವ ಬೂದುಬಣ್ಣ ನಿಜವಾದ ಬೂದುವಲ್ಲ. ಭೂತಕನ್ನಡಿ ಹಿಡಿದರೆ ಕಪ್ಪು ಚುಕ್ಕೆಗಳೂ ನಡುವೆ ಬಿಳಿಯ ಕಾಗದವೂ ತೋರುತ್ತವೆ. ಬೆಳ್ಳಿಯ ಚಿತ್ರದಲ್ಲಾದರೋ ಛಾಯೆ ಎಡೆಬಿಡದೆ ಹರಿದಿರುತ್ತದೆ. ಸಕ್ಕರೆಯ ಸವಿಯನ್ನು ಅಕ್ಷರ ಹೇಗೆ ಕೊಡಲಾರದೋ ಹಾಗೆ ಛಾಯೆಯ ನಿಜರೂಪವನ್ನು ಸಾಮಾನ್ಯ ಮುದ್ರಣ ಕೊಡಲಾರದು. ಆಡಮ್ಸರಿಗೆ ಈ ಅರಿವು ಮೊದಲಿನಿಂದಲೂ ಇತ್ತು. ೧೯೩೫ರಲ್ಲಿ ಲಂಡನ್ನಿನಿಂದ ಹೊರಬಂದ ಅವರ ‘ಮೇಕಿಂಗ್ ಎ ಫೋಟೋಗ್ರಾಫ್’ ಎಂಬ ಪುಸ್ತಕದಲ್ಲಿ ಚಿತ್ರಗಳನ್ನು ಬೇರೆಯಾಗಿ, ಬಹು ಎಚ್ಚರದಿಂದ ಅಚ್ಚುಹಾಕಿಸಿ ಪುಟಗಳಿಗೆ ಅಂಟಿಸಲಾಗಿತ್ತು. ಅವನ್ನು ಮೂಲಚಿತ್ರಗಳೆಂದೇ ಭ್ರಮಿಸಿದವರುಂಟು.

ಪತ್ರಿಕೆಗಳಲ್ಲಿ ಈ ಶ್ರದ್ಧೆಯನ್ನು ತೋರಿದ್ದು ಆಲ್ಫ್ರೆಡ್ ಸ್ಟೀಗ್ಲಿಟ್ಜರ ‘ಕ್ಯಾಮೆರಾ ವರ್ಕ್’. ೧೯೦೩ರಿಂದ ೧೯೧೭ರವರೆಗೆ ನಡೆದ ಈ ಪತ್ರಿಕೆ ಚಿತ್ರಗಳನ್ನು ಫೋಟೊಗ್ರವೂರ್ ವಿಧಾನದಿಂದ ಮುದ್ರಿಸಿ ಕೊಟ್ಟಿತು. ಕೊನೆಯ ಸಂಚಿಕೆಯಲ್ಲಿ ಪಾಲ್ ಸ್ಟ್ರಾಂಡರ ಚಿತ್ರಗಳು ಬಂದುವು. ಆ ಹೊತ್ತಿಗೆ ಚಂದಾದಾರರು ನಲವತ್ತಕ್ಕಿಂತಲೂ ಕಡಿಮೆ! ಸಣ್ಣ ಪತ್ರಿಕೆಗಳನ್ನು ನಡೆಸುವವರಿಗೆ ಇದು ಸಮಾಧಾನದ ಮಾತು.

ಆನಂತರ ಬಂದ ಜನಪ್ರಿಯ ಪತ್ರಿಕೆಗಳ ದಾರಿ ಬೇರೆ. ಅವುಗಳಲ್ಲಿ ಚಿತ್ರದಡಿ ಇಂತಿಷ್ಟು ರಂಧ್ರ, ಸೆಕೆಂಡಿನಲ್ಲಿ ಇಂತಿಷ್ಟು ಭಾಗ ಎಂಬ ಅಂಕಿಗಳನ್ನು ಕೊಡುವುದು ವಾಡಿಕೆ. ಆ ದಿನದ ಬೆಳಕು ಹೇಗಿತ್ತು, ಚಿತ್ರಗಾರ ಏನನ್ನು ಬಯಸಿದ ಎಂಬುದು ತಿಳಿಯದೆ ಈ ಅಂಕಿಗಳಿಂದ ಏನು ಫಲ? ರೋಗವನ್ನು ಹೇಳದೆ ಮದ್ದಿನ ಪ್ರಮಾಣವನ್ನಷ್ಟೆ ಹೇಳಿದಂತೆ. ಇದಕ್ಕೆ ಪ್ರತಿಯಾಗಿ ಆಡಮ್ಸರ ‘ಎಕ್ಸಾಂಪಲ್ಸ್’ (೧೯೮೩) ಎಂಬ ಗ್ರಂಥವನ್ನು ನೋಡಬೇಕು. ೧೯೪೧ರಲ್ಲಿ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರೋದಯವನ್ನು ಹಿಡಿಯುವಾಗ ಮಾಪಕ ಕೈಗೆ ಸಿಕ್ಕಲಿಲ್ಲ. ಚಂದ್ರನ ಪ್ರಕಾಶದ ಅಳತೆ ನೆನಪಿನಲ್ಲಿದ್ದುದರಿಂದ ಲೆಕ್ಕ ಹಾಕಿ ಚಿತ್ರ ತೆಗೆದರು. ೧೯೪೮ರಲ್ಲಿ ಆ ನೆಗೆಟಿವಿನ ಕೆಳಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಿದರು. ವರ್ಷ ಕಳೆದಂತೆ ಆಕಾಶವನ್ನು ಹೆಚ್ಚು ಹೆಚ್ಚು ಕಪ್ಪಾಗಿಸಿ ಮುದ್ರಿಸಿದರು. ನೆಗೆಟಿವ್ ಸ್ವರಲಿಪಿ, ಮುದ್ರಣ ಅದರ ವಾದನ ಎಂಬುದು ಅವರ ನಿಲುವು. ಅಂಕಿಯ ಹಿಂದಿನ ವಿಚಾರ ಹೀಗೆ ತಿಳಿದಾಗಲೇ ಅದು ಪಾಠವಾಗುತ್ತದೆ.

ಇನ್ನು ದೋಷಗಳ ಮಾತು. ಮೊದಲನೆಯದು ಪಾಠಕ್ರಮದ್ದು. ಕ್ಯಾಮೆರಾ, ನೆಗೆಟಿವ್, ಪ್ರಿಂಟ್ ಎಂಬುದು ಕೆಲಸ ನಡೆಯುವ ಕ್ರಮ. ಕಲಿಯುವ ಕ್ರಮ ಅದಲ್ಲ. ಮುಗಿದ ಚಿತ್ರವನ್ನು ಮೊದಲೇ ಮನಸ್ಸಿನಲ್ಲಿ ಕಾಣಬೇಕೆಂದು ಮೊದಲ ಸಂಪುಟದ ಮೊದಲಲ್ಲಿಯೇ ಆಡಮ್ಸರು ಬೋಧಿಸುತ್ತಾರೆ. ಕಾಗದ ಕೊಡಬಲ್ಲ ಕಪ್ಪನ್ನೇ ಕಾಣದ ಮಗು ಮನಸ್ಸಿನಲ್ಲಿ ಕಾಣುವುದೇನನ್ನು? ವಾಕ್ಯವನ್ನೇ ಕೇಳದವನಿಗೆ ವ್ಯಾಕರಣ ಹೇಳಿದಂತಾಯಿತು. ತುದಿಯಿಂದ ಮೊದಲಿಗೆ ಬರುವುದು ಮೇಲು: ಕೆಂಪು ದೀಪದ ಮಂದಬೆಳಕಿನಲ್ಲಿ ಕಾಗದದ ಮೇಲೊಂದು ಎಲೆಯನ್ನಿಟ್ಟು, ಕ್ಷಣಕಾಲ ಬಿಳಿಯ ಬೆಳಕು ಕೊಟ್ಟು, ಡೆವಲಪರಿನಲ್ಲಿಯೂ ಬಳಿಕ ಹೈಪೋವಿನಲ್ಲಿಯೂ ಅದ್ದಿದರೆ ಎಲೆಯ ಬಿಳಿಯ ನೆರಳು ಮೂಡುತ್ತದೆ. ಇದಾದ ಮೇಲೆ ನೆಗೆಟಿವ್, ಕೊನೆಗೆ ಕ್ಯಾಮೆರಾ.

ಎರಡನೆಯದು, ಹಾಳೆಗೊಂದೇ ಚಿತ್ರವಿರುವ ದೊಡ್ಡ ಫಿಲ್ಮಿಗೆ ಈ ಪದ್ಧತಿ ಒಪ್ಪುವಷ್ಟು, ಮೂವತ್ತಾರು ಚಿತ್ರಗಳೂ ಒಂದೇ ದ್ರಾವಣದಲ್ಲಿ ಒಂದೇ ಹೊತ್ತು ಮುಳುಗುವ ಸುರುಳಿಗೆ ಒಪ್ಪದು. ಗ್ರಂಥಕರ್ತರು ಇದನ್ನು ಮರೆತಿಲ್ಲ. ಆದರೆ ಬಡ ಅಭ್ಯಾಸಿಗೆ ಅವರ ಪರಿಹಾರಗಳು ದುಬಾರಿ. ಮೂರನೆಯದು, ಬಿಸಿಲಿನಲ್ಲಿ ಬಿಳಿಯರ ಮೈಬಣ್ಣಕ್ಕೆ ಆರನೆಯ ವಲಯವೆಂದು ಹೇಳಿದ್ದಾರೆ. ಮೈಬಣ್ಣಗಳು ಹತ್ತು ಬಗೆಯಾಗಿರುವ ನಮ್ಮ ತರಗತಿಯೊಂದರ ಚಿತ್ರಕ್ಕೆ ಆ ಒಂದು ಅಂಕಿ ಸಾಲದು. ಯಾವ ಮಗುವಿನ ಮುಖವೂ ಕಪ್ಪಿನಲ್ಲಿ ಕರಗಿಹೋಗದಂತೆ ನಾವೇ ಅಳೆದು ನಿಶ್ಚಯಿಸಬೇಕು.

ಈ ಗ್ರಂಥಗಳಲ್ಲಿ ಹೆಸರಿಸಿದ ಎಷ್ಟೋ ಸಾಮಗ್ರಿಗಳು ಈಗ ತಯಾರಾಗುತ್ತಿಲ್ಲ. ಕೊಡಾಕ್ ಸಂಸ್ಥೆ ಕಪ್ಪು-ಬಿಳುಪು ಕಾಗದವನ್ನು ನಿಲ್ಲಿಸುವುದಾಗಿ ೨೦೦೫ರಲ್ಲಿಯೇ ಸಾರಿತು. ಆದರೂ ಫೋನಿನಲ್ಲಿ ಚಿತ್ರ ತೆಗೆಯುವ ಇಂದಿನ ಹುಡುಗನಿಗೂ ಬಿಳಿಯ ಗೋಡೆ ಮಾಸುವುದೇಕೆಂಬ ಪ್ರಶ್ನೆ ಉಳಿದೇ ಇದೆ. ಸಾಮಗ್ರಿ ಅಳಿದರೂ ನೋಟದ ಪಾಠ ಅಳಿಯಲಿಲ್ಲ.

ಸೈಕ್ಲೊಸ್ಟೈಲಿನ ಈ ಪುಟದಲ್ಲಿ ಒಂದು ಚಿತ್ರವನ್ನೂ ತೋರಿಸಲಾಗದು. ಅದೊಂದು ಕೊರತೆಯೆಂದು ನಾವು ಕುಗ್ಗಬೇಕಾದುದಿಲ್ಲ. ಇಂಗ್ಲಿಷಿನ ಈ ಗ್ರಂಥಗಳ ಸಾರವನ್ನು ತಿಳಿಗನ್ನಡದಲ್ಲಿ ಬರೆದು, ಪ್ರತಿಯೊಂದು ಪಾಠದ ಕೊನೆಗೂ ‘ಇದನ್ನು ನೀನೇ ಮಾಡಿ ನೋಡು’ ಎಂಬ ಒಂದು ಕೆಲಸವನ್ನು ಸೇರಿಸಿದರೆ, ಚಿತ್ರವಿಲ್ಲದ ಪುಟವೂ ಛಾಯಾಗ್ರಹಣವನ್ನು ಕಲಿಸಬಲ್ಲುದು. ಬಲ್ಲ ಉಪಾಧ್ಯಾಯ ಬಂಧುಗಳು ಈ ಕಾರ್ಯಕ್ಕೆ ಮನಸ್ಸು ಮಾಡಬೇಕು.